ಕಪ್ಪೆಗೆ ಕೈ ಹಾಕಿದವರು

ನವೆಂಬರ್ ೧೪, ಶುಕ್ರವಾರ
ಬೆಳಿಗ್ಗೆ

ಅವರಿಗೆ,

ಹದಿಮೂರು ವರ್ಷ ನಿಮ್ಮನ್ನು ‘ಇವರು’ ಎನ್ನುತ್ತಿದ್ದೆ. ಒಂದು ವರ್ಷದಿಂದ ‘ಅವರು’ ಎನ್ನುತ್ತಿದ್ದೇನೆ. ಕಾಗದದ ತಲೆಗೆ ಏನು ಬರೆಯಬೇಕೆಂದು ತಿಳಿಯದೆ ಮೂರು ಹಾಳೆ ಹರಿದೆ. ‘ಪ್ರೀತಿಯ’ ಎಂದರೆ ಸುಳ್ಳಾಗುತ್ತದೆ, ‘ಮಾನ್ಯರೇ’ ಎಂದರೆ ನಮ್ಮ ಕಚೇರಿಯ ನೋಟೀಸಿನಂತೆ ಕಾಣುತ್ತದೆ. ಆದ್ದರಿಂದ ಬಾಯಿಗೆ ರೂಢಿಯಾದದ್ದೇ ಇರಲಿ.

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ನಿಮ್ಮ ಹುಬ್ಬು ಗಂಟಿಕ್ಕಿರುತ್ತದೆ, ಗೊತ್ತು. ಇದು ಜಗಳದ ಕಾಗದವಲ್ಲ. ರಾಜಿಯ ಕಾಗದವೂ ಅಲ್ಲ. ಕಪ್ಪೆಯ ವಿಷಯ. ಪೂರ್ತಿ ಓದುವವರೆಗೆ ಹರಿಯಬೇಡಿ, ಯಾಕೆಂದರೆ ನಿಮ್ಮ ಕೆಲಸಕ್ಕೆ ಬೇಕಾದದ್ದು ಕೊನೆಯಲ್ಲಿದೆ.

ಕಪ್ಪೆಯನ್ನು ನೀವು ನನಗೆ ಬಿಟ್ಟುಕೊಟ್ಟ ದಿನದಿಂದಲೂ ನನಗೆ ಅನುಮಾನವಿತ್ತು. ನಿಮ್ಮ ಅಪ್ಪ ಹರಾಜಿನಲ್ಲಿ ಹಿಡಿದು ತಂದು, ಎರಡು ವರ್ಷ ಕೂತು ನಟ್ಟು ನಟ್ಟು ಬಿಚ್ಚಿ ಜೋಡಿಸಿದ ಜೀಪು ಅದು. ನಾಲ್ಕು ಚಕ್ರಕ್ಕೂ ಎಳೆತ ಕೊಟ್ಟರೆ ಗೋಡೆಯನ್ನೂ ಹತ್ತುತ್ತದೆ ಎಂದು ನೀವು ನೆಂಟರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದಿರಿ. ನಾವು ಬೇರೆಯಾದಾಗ ಒಂದು ಚಮಚ ಹಂಚಿಕೊಳ್ಳಲೂ ಮುಖ ಸಿಂಡರಿಸಿದ ಮನುಷ್ಯ ಜೀಪಿನ ಕೀಲಿಯನ್ನು ಮೇಜಿನ ಮೇಲಿಟ್ಟು, “ಗುಡ್ಡ ಹತ್ತೋಳು ನೀನು, ನಿನಗೇ ಇರ್ಲಿ” ಎಂದು ಹೋದರೆ ಏನೆಂದುಕೊಳ್ಳಬೇಕು? ಕೊಡುವ ಕೈ ನೋಡಿ ಗೊತ್ತಿದ್ದವಳಿಗೆ ಕೊಟ್ಟದ್ದರ ಮೇಲೆ ಗುಮಾನಿ ಬರುತ್ತದೆ. ರಿಜಿಸ್ಟ್ರೇಷನ್ ಪುಸ್ತಕ ಮಾತ್ರ ನಿಮ್ಮ ಹೆಸರಿನಲ್ಲೇ ಉಳಿಯಿತು. ಅದನ್ನೂ ನಾನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ.

ಚಳಿಗಾಲ, ಬೇಸಿಗೆ ಏನೂ ಆಗಲಿಲ್ಲ. ಹೊಳೆಗಳು ಬತ್ತಿದ್ದವು, ನೀರಿನ ಮಟ್ಟ ಓದಲು ನಾನು ಮೇಲಿನ ಅಳತೆಗಂಬಗಳಿಗೆ ತಿಂಗಳಿಗೆರಡು ಸಲ ಹೋದರೆ ಸಾಕಿತ್ತು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಕೆಲಸ ದಿನವೂ ಶುರುವಾಯಿತು. ಬುಧವಾರ ಒಂದು ದಿನ ಮಾತ್ರ ಜೀಪು ಶೆಡ್ಡಿನಲ್ಲಿ ಬಿಟ್ಟು, ಲೆಕ್ಕದ ಹಾಳೆ ಒಪ್ಪಿಸಲು ಬಸ್ಸಿನಲ್ಲಿ ದೊಡ್ಡ ಕಚೇರಿಗೆ ಹೋಗುತ್ತೇನೆ.

ಜೂನ್ ಎರಡನೆಯ ವಾರ, ಗುರುವಾರ ಬೆಳಿಗ್ಗೆ, ಕಪ್ಪೆ ಕೆಮ್ಮಲೂ ಇಲ್ಲ. ಹ್ಞೂಂ ಮೇಸ್ತ್ರಿಯನ್ನು ಕರೆಸಿದೆ. ನಿಮಗೆ ನೆನಪಿರಬೇಕು, ಮೂಲೆ ಗ್ಯಾರೇಜಿನವರು. ಏನು ಕೇಳಿದರೂ ‘ಹ್ಞೂಂ’ ಬಿಟ್ಟರೆ ಬೇರೆ ಮಾತಿಲ್ಲ. ಅವರು ಕರೆಂಟು ಹಂಚುವ ಕಪ್ಪು ಮುಚ್ಚಳ ಬಿಚ್ಚಿ ನೋಡಿದರು. ಒಳಗಿನ ರೋಟರ್ ಮಾಯ. ಹೆಬ್ಬೆರಳಿನಷ್ಟು ವಸ್ತು, ಅದಿಲ್ಲದಿದ್ದರೆ ಇಂಜಿನ್ನಿಗೆ ಕಿಡಿಯೇ ಇಲ್ಲ. ಅಲುಗಾಡಿ ಬೀಳುವಂಥದ್ದಲ್ಲ. ಮುಚ್ಚಳದ ಎರಡೂ ಕ್ಲಿಪ್ಪು ಬಿಚ್ಚಿ, ರೋಟರ್ ತೆಗೆದು, ಮತ್ತೆ ಕ್ಲಿಪ್ಪು ಹಾಕಿ ಹೋಗಿದ್ದಾರೆ. ಮೇಸ್ತ್ರಿ ಶನಿವಾರ ಬೇರೆ ಹಾಕಿದರು. ನಾಲ್ಕು ದಿನ ಓಡಿಸಿದೆ. ಮುಂದಿನ ಗುರುವಾರ ಬೆಳಿಗ್ಗೆ ಮತ್ತೆ ರೋಟರ್ ಇಲ್ಲ!

ಶೆಡ್ಡಿನ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಒಂದು ಕೀಲಿ ನನ್ನ ಹತ್ತಿರ, ಇನ್ನೊಂದು ಮುಂದಿನ ಕೋಣೆಯಲ್ಲಿ ಬಾಡಿಗೆಗಿರುವ ಟೈಲರಮ್ಮನ ಗೋಡೆಯ ಮೊಳೆಯಲ್ಲಿ. ಕೇಳಿದರೆ ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ತಲೆಯಾಡಿಸಿದರು. ಅದು ಹೌದೋ ಅಲ್ಲವೋ ತಿಳಿಯಲಿಲ್ಲ. ಗುಂಡುಸೂಜಿ ಬಾಯಲ್ಲಿಟ್ಟುಕೊಳ್ಳುವವರಿಗೆ ಅದೊಂದು ಅನುಕೂಲ.

ಎರಡನೇ ಸಲ ಮೇಸ್ತ್ರಿ, ಅಂಗಡಿಯಲ್ಲಿ ಮಾಲಿಲ್ಲ, ಹತ್ತು ದಿನ ಆಗುತ್ತದೆ ಎಂದರು. ಹತ್ತು ದಿನ ಬಸ್ಸಿಳಿದು ಕೆಸರಿನಲ್ಲಿ ನಡೆದೆ. ಎರಡು ಅಳತೆಗಂಬಗಳಿಗೆ ಹೋಗಲು ಆಗಲೇ ಇಲ್ಲ. ಲೆಕ್ಕದ ಹಾಳೆಯಲ್ಲಿ ಗೆರೆ ಎಳೆದು ಮೇಲಿನವರ ಕೈಲಿ ಮಾತು ಕೇಳಿದೆ. ಕೊನೆಗೆ ಮೇಸ್ತ್ರಿ ಹೊಸ ರೋಟರ್ ಹಿಡಿದು ಬಂದು ಮುಚ್ಚಳ ಬಿಚ್ಚಿದರೆ, ಒಳಗೆ ರೋಟರ್ ಕೂತಿದೆ. ಮೊದಲು ಕಳೆದದ್ದೇ, ಮೂಲೆ ಚಕ್ಕೆ ಎದ್ದಿದ್ದ ನಮ್ಮ ಹಳೆಯದೇ. ಮೇಸ್ತ್ರಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಅಲ್ಲಿ ಮೇಸ್ತ್ರಿಯ ಮೇಲೆ ನನ್ನ ನಾಲಿಗೆ ಜಾರಿತು. ಕದಿಯುವುದೂ ನೀವೇ, ಮಾರುವುದೂ ನೀವೇ, ಸಿಕ್ಕಿಬೀಳುತ್ತೀನೆಂದು ಹೆದರಿ ವಾಪಸ್ಸಿಟ್ಟವರೂ ನೀವೇ ಎಂದೆ. ಶೆಡ್ಡಿನೊಳಗೆ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸಾಲದೆಂಬಂತೆ ಅವರ ಹಿಂದೆಯೇ ಗ್ಯಾರೇಜಿಗೆ ಹೋಗಿ, ಐದಾರು ಗಿರಾಕಿಗಳ ಎದುರು, “ಹೌದೋ ಅಲ್ವೋ ಹೇಳಿ” ಎಂದು ಪಟ್ಟು ಹಿಡಿದೆ. ಅವರು ಅಭ್ಯಾಸ ಬಲದಿಂದ “ಹ್ಞೂಂ” ಎಂದುಬಿಟ್ಟರು. “ನೋಡಿ, ಒಪ್ಕೊಂಡ್ರು” ಎಂದೆ. ಆಗ ಆ ಮನುಷ್ಯ, ನಾನು ಕಂಡಂತೆ ಮೊದಲ ಬಾರಿಗೆ, ಒಂದು ಪೂರ್ತಿ ವಾಕ್ಯ ಆಡಿದರು. “ನನ್ನ ಹ್ಞೂಂ ಅಂದ್ರೆ ಕೇಳಿಸ್ತು ಅಂತ ಮೇಡಂ, ಹೌದು ಅಂತಲ್ಲ. ಇನ್ಮೇಲೆ ನಿಮ್ಮ ಗಾಡಿ ಈ ಕಡೆ ತರಬೇಡಿ.” ಕೈ ಒರೆಸಿಕೊಂಡು ಒಳಗೆ ಹೋದರು. ಗಿರಾಕಿಗಳಲ್ಲಿ ಒಬ್ಬ ನಕ್ಕ. ನನ್ನನ್ನು ನೋಡಿಯೋ ಅವರನ್ನು ನೋಡಿಯೋ ಎಂದು ಮನೆವರೆಗೂ ಯೋಚಿಸಿದೆ.

ಆಮೇಲೆ ಶುರುವಾದದ್ದು ಇನ್ನೂ ವಿಚಿತ್ರ. ಸ್ಟೀರಿಂಗ್ ಕಾಲು ಸುತ್ತು ತಿರುಗಿಸಿದ ಮೇಲೆಯೇ ಚಕ್ರ ತಿರುಗುತ್ತಿತ್ತಲ್ಲ, ಒಂದು ಗುರುವಾರ ನೋಡಿದರೆ ಕೈ ಅಲುಗಿದರೆ ಸಾಕು, ಮೂತಿ ತಿರುಗಿತು. ಶೆಡ್ಡಿನ ನೆಲದ ಮೇಲೆ ನಾನಿಟ್ಟಿದ್ದ ತಗಡಿನ ತಟ್ಟೆಗೆ ಎಣ್ಣೆ ಬೀಳುವುದು ನಿಂತಿತು. ಕೆಸರಿಗೆ ಇಳಿಯುವ ಮುಂಚೆ ಮುಂದಿನ ಚಕ್ರಗಳ ಲಾಕು ತಿರುಗಿಸಬೇಕಲ್ಲ, ಬಲಗಡೆಯದಕ್ಕೆ ಇಕ್ಕಳ ಹಾಕಿ ಹಲ್ಲು ಕಚ್ಚಿ ಹೆಣಗುತ್ತಿದ್ದೆ. ಅದು ಎರಡು ಬೆರಳಿಗೆ ಬೆಣ್ಣೆಯಂತೆ ತಿರುಗಿತು. ಕಮಾನು ಪಟ್ಟಿಯ ಕೊಂಡಿಗಳಲ್ಲಿ ಹೊಸ ಗ್ರೀಸು. ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ ಕೂಡ ಹೋಗಿದ್ದಾರೆ.

ಬೇರೆ ಯಾರಾದರೂ ಆಗಿದ್ದರೆ ದೇವರು ದೊಡ್ಡವನು ಎನ್ನುತ್ತಿದ್ದರು. ನನಗೆ ಮೈ ಜುಮ್ಮೆಂದಿತು. ಕಳ್ಳ ಮನೆಗೆ ನುಗ್ಗಿ ಕಸ ಗುಡಿಸಿ ಹೋದರೆ ನಿದ್ದೆ ಹತ್ತುತ್ತದೆಯೇ? ಟೈರಿಗೂ ನೆಲಕ್ಕೂ ಸೇರಿಸಿ ಸೀಮೆಸುಣ್ಣದ ಗೆರೆ ಎಳೆದೆ. ಓಡಿದ ಕಿಲೋಮೀಟರು ಬರೆದಿಟ್ಟೆ. ಬಾನೆಟ್ಟಿನ ಸಂದಿಗೆ ಕಪ್ಪು ದಾರ ಅಂಟಿಸಿದೆ. ಗುರುವಾರ ನೋಡಿದರೆ ಗೆರೆ ಅಲುಗಿಲ್ಲ, ಕಿಲೋಮೀಟರು ಏರಿಲ್ಲ, ದಾರ ಮಾತ್ರ ತುಂಡು. ಅಂದರೆ ಗಾಡಿ ಓಡಿಸಲು ಬರುವವರಲ್ಲ, ರಿಪೇರಿ ಮಾಡಲೆಂದೇ ಬರುವವರು. ಯಾರಿಗಾಗಿ? ರಿಜಿಸ್ಟ್ರೇಷನ್ ಪುಸ್ತಕ ಯಾರ ಹೆಸರಿನಲ್ಲಿದೆಯೋ ಅವರಿಗಾಗಿ. ಗಾಡಿಯನ್ನು ನನ್ನ ಶೆಡ್ಡಿನಲ್ಲೇ ಸಿಂಗರಿಸಿ, ಗಿರಾಕಿ ಸಿಕ್ಕ ದಿನ ಹೊಡೆದುಕೊಂಡು ಹೋಗುವ ಹುನ್ನಾರ ಎಂದು ತೀರ್ಮಾನಿಸಿದೆ. ನಿಮ್ಮ ಬುದ್ಧಿ ನಾನು ಕಾಣದ್ದೇ? ವರ್ಗಾವಣೆ ನೀವೇ ಕೇಳಿಕೊಂಡು, ಅರ್ಜಿಗೆ ನೀವೇ ಸಹಿ ಹಾಕಿ, ‘ಎತ್ತಿ ಹಾಕ್ಬಿಟ್ರು ಕಣೇ’ ಎಂದು ನನ್ನೆದುರು ತಲೆ ಮೇಲೆ ಕೈ ಹೊತ್ತು ಕೂತವರು. ಆ ಒಂದು ಸುಳ್ಳು ತಿಳಿದ ಮೇಲೆ ಹಿಂದಿನ ಹನ್ನೆರಡು ವರ್ಷವನ್ನೂ ಬಿಚ್ಚಿ ಒಂದೊಂದೇ ಬೆಳಕಿಗೆ ಹಿಡಿದು ನೋಡಿದವಳು ನಾನು. ಕಾಮಾಲೆ ಕಣ್ಣು ಎಂದರೂ ಸರಿಯೇ. ಕಾಮಾಲೆ ತರಿಸಿದವರು ಯಾರು ಎಂದೂ ಕೇಳಬೇಕಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಗೋಣಿಚೀಲ ಹಾಸಿ, ಟಾರ್ಚು ಹಿಡಿದು ಕಪ್ಪೆಯ ಹೊಟ್ಟೆಯ ಕೆಳಗೆ ತೂರಿದೆ. ನಾನು ಎಲ್ಲೆಲ್ಲಿ ಹೋಗುತ್ತೇನೆಂದು ತಿಳಿಯಲು ಯಂತ್ರ ಏನಾದರೂ ಅಂಟಿಸಿದ್ದೀರಾ ಎಂದು ಹುಡುಕುವುದಿತ್ತು. ಯಂತ್ರ ಇರಲಿಲ್ಲ. ಸ್ಟೀರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ, ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಉದ್ದದ ತೊಲೆಗೆ, ಅಂಗೈಯಗಲದ ದಪ್ಪ ಕಬ್ಬಿಣದ ತಗಡು ಕೂರಿಸಿ ಎಂಟು ಬೋಲ್ಟು ಬಿಗಿದಿದ್ದರು. ಹೊಸ ಕೆಲಸ. ತಗಡಿನ ಅಂಚಿನಾಚೆ ಕೂದಲೆಳೆಯಂಥ ಬಿರುಕು ಇಣುಕುತ್ತಿತ್ತು. ಅದರ ತುದಿಗೆ ಸಣ್ಣ ದುಂಡು ತೂತು. ಉಗುರಿನಿಂದ ಕೆರೆದೆ. ಹಳೆಯ ಬಣ್ಣ ಎದ್ದು, ಅದರಡಿಯಿಂದ ಬಿಳಿ ಪುಟ್ಟಿ ಉದುರಿ ಕಣ್ಣಿಗೆ ಬಿತ್ತು.

ಮಾರನೆಯ ದಿನ ಪಕ್ಕದ ಊರಿಗೆ, ಲಾರಿ ಚಾಸಿ ಕೆಲಸ ಮಾಡುವವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಕೆಳಗೆ ಮಲಗಿ ಬೋಲ್ಟುಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿ ಎದ್ದು ಬಂದರು. “ತಗಡು ಹಾಕಿದೋನು ಹಳೇ ಕೈ ಮೇಡಂ. ವೆಲ್ಡಿಂಗ್ ಮಾಡಿಲ್ಲ, ಬೋಲ್ಟ್ ಕೊಟ್ಟಿದ್ದಾನೆ. ತುದಿಗೆ ತೂತು ಹೊಡೆದ್ರೆ ಬಿರುಕು ಮುಂದಕ್ಕೆ ಓಡಲ್ಲ, ಈಗಿನೋರಿಗೆ ಅದು ಗೊತ್ತೂ ಇಲ್ಲ. ಆದ್ರೆ ಅದಕ್ಕೆ ಮುಂಚೆ ಪುಟ್ಟಿ ಮೆತ್ತಿ ಬಣ್ಣ ಬಳಿದು ಮುಚ್ಚಿದ್ದಾನಲ್ಲ, ಅವನು ಮನುಷ್ಯನೇ ಅಲ್ಲ. ಗುಡ್ಡದ ತಿರುವಲ್ಲಿ ಅದು ಬಾಯಿ ಬಿಟ್ಟಿದ್ರೆ ಸ್ಟೀರಿಂಗ್ ನಿಮ್ಮ ಕೈಲಿರ್ತಿತ್ತು, ಗಾಡಿ ಪ್ರಪಾತದಲ್ಲಿರ್ತಿತ್ತು.”

ನಾನು ಅಲ್ಲೇ ಇದ್ದ ಹಳೆ ಟೈರಿನ ಮೇಲೆ ಕೂತೆ. ಗುದ್ದಿದ ಗಾಡಿ ನೋಡಿ ನಷ್ಟ ಎಷ್ಟೆಂದು ಬರೆಯುವುದು ನಿಮ್ಮ ಕಸುಬು. ಹತ್ತು ಹೆಜ್ಜೆ ದೂರದಿಂದ ಯಾವ ಬಾಗಿಲಿಗೆ ಪುಟ್ಟಿ ಹಾಕಿದೆ ಎಂದು ಹೇಳುವ ಕಣ್ಣು. ಆ ಕಣ್ಣಿಗೆ ಇದು ಕಾಣದೇ ಹೋಗುವುದು ಸಾಧ್ಯವೇ? ಬಿರುಕು ಮುಚ್ಚಿ ನನ್ನ ಕೈಗೆ ಕೊಟ್ಟಿರಿ. ಆಮೇಲೆ ಸಿಕ್ಕಿಬೀಳುವ ಹೆದರಿಕೆಯಾಗಿ ಕೂಲಿಯವನನ್ನು ಕಳಿಸಿ ಗುಟ್ಟಾಗಿ ತಗಡು ಹಾಕಿಸಿದಿರಿ. ಗೇರಿನ ಹಲ್ಲುಗಳಂತೆ ಎಲ್ಲವೂ ಒಂದಕ್ಕೊಂದು ಕೂತವು. ಇಷ್ಟು ಚೆನ್ನಾಗಿ ಕೂತದ್ದನ್ನು ಕಂಡೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ.

ನಿಮ್ಮ ವಿಮಾ ಕಂಪನಿಯ ದೊಡ್ಡ ಕಚೇರಿಗೆ ಅಕ್ಟೋಬರಿನಲ್ಲಿ ಹೋದ ಸಹಿಯಿಲ್ಲದ ದೂರು ನನ್ನದು. ‘ನಿಮ್ಮ ಸರ್ವೇಯರು ಮುರಿದ ಚಾಸಿಗೆ ಪುಟ್ಟಿ ಬಳಿಸಿ ಗಾಡಿ ದಾಟಿಸುತ್ತಾನೆ’ ಎಂದು ಬರೆದೆ. ಎಡಗೈಯಲ್ಲಿ ಬರೆದೆ, ಅಕ್ಷರ ಗುರುತು ಸಿಗದಿರಲೆಂದು. ನಮ್ಮ ಕಪ್ಪೆಯೊಂದನ್ನೇ ಹೇಳಿದರೆ ಗಂಡ ಹೆಂಡಿರ ಜಗಳ ಎಂದು ಬದಿಗಿಡುತ್ತಾರೆಂದು, ಇನ್ನೂ ಎರಡು ಗಾಡಿಗಳಿಗೆ ಹೀಗೇ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದೂ ಸೇರಿಸಿದೆ. ಅದು ಹಸಿ ಸುಳ್ಳು. ನಿಮ್ಮ ಒಂದು ಸುಳ್ಳಿಗೆ ಮನೆ ಮುರಿದುಕೊಂಡವಳು, ಅಂಚೆಪೆಟ್ಟಿಗೆಗೆ ಎರಡು ಸುಳ್ಳು ಹಾಕಿ ಬಂದೆ.

ತಿಂಗಳ ಕೊನೆಗೆ ನಿಮ್ಮ ತಂಗಿ ಫೋನು ಮಾಡಿದಳು. ಅಣ್ಣನ್ನ ಹೊರಗಿನ ಕೆಲಸದಿಂದ ತೆಗೆದು ಫೈಲಿನ ಕೋಣೆಯಲ್ಲಿ ಕೂರಿಸಿದ್ದಾರೆ ಅತ್ತಿಗೆ, ವಿಚಾರಣೆ ಇದೆಯಂತೆ, ಯಾರೋ ಹೊಟ್ಟೆಕಿಚ್ಚಿನೋರು ಬರೆದಿದ್ದಾರೆ ಎಂದಳು. ನಾನು ಪಾಪ ಎಂದೆ. ಫೋನಿಟ್ಟ ಮೇಲೆ ಎರಡು ಲೋಟ ಚಹಾ ಕುಡಿದೆ. ಆ ದಿನ ಖುಷಿಯಾಯಿತು ಎಂಬುದನ್ನೂ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಈ ಕಾಗದವೂ ಪುಟ್ಟಿ ಮೆತ್ತಿದ್ದೇ ಆಗುತ್ತದೆ.

ಕಳೆದ ವಾರದ ಬುಧವಾರ, ಕೂಲಿಯವನನ್ನು ಕೈಯಾರೆ ಹಿಡಿಯೋಣವೆಂದು, ಚೀಲ ಹೆಗಲಿಗೆ ಹಾಕಿ ಟೈಲರಮ್ಮನಿಗೆ ಕಾಣುವಂತೆ ಬಸ್ ನಿಲ್ದಾಣದ ಕಡೆ ಹೋದೆ. ಒಂದು ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತು, ಹಿಂದಿನ ಓಣಿಯಿಂದ ಮನೆಗೆ ಬಂದೆ. ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಕಪ್ಪೆಯ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಕ್ಯಾನ್ವಾಸ್ ಶೂ, ಹಿಮ್ಮಡಿ ಸವೆದದ್ದು. ಪಕ್ಕದಲ್ಲಿ ಬಟ್ಟೆ ಹಾಸಿ ಬೋಲ್ಟು ಬಿಗಿಯುವ ಪಾನಾಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಟ್ಟಿದ್ದರು. ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗಿನಿಂದ ಒಂದು ಕೈ ಹೊರಬಂದು ಅಂಗೈ ಬಿಡಿಸಿತು.

“ಹದಿನೇಳರ ಪಾನಾ ಕೊಡಮ್ಮ.”

ಟೈಲರಮ್ಮ ಎಂದುಕೊಂಡಿದ್ದರು. ದನಿ ನಿಮ್ಮಪ್ಪನದು.

ನಾನು ಏನು ಮಾಡಿದೆ ಗೊತ್ತೇ? ಹದಿನೇಳರ ಪಾನಾ ಹುಡುಕಿ ಕೊಟ್ಟೆ. ಕೈ ಒಳಗೆ ಹೋಯಿತು. ಸ್ವಲ್ಪ ಹೊತ್ತು ಕಬ್ಬಿಣದ ಸದ್ದು. ಆಮೇಲೆ ಸದ್ದು ನಿಂತಿತು. ನನ್ನ ಚಪ್ಪಲಿ ಕಂಡಿರಬೇಕು.

“ಬಸ್ ತಪ್ತಾ?” ಎಂದು ಕೇಳಿದರು.

“ಬಿಟ್ಟೆ ಮಾವ” ಎಂದೆ.

ಒಂದು ವರ್ಷದ ಹಿಂದೆ ನಾವು ಬೇರೆಯಾಗುವ ಮಾತುಕತೆಯ ದಿನ, ಎಲ್ಲರೆದುರು, “ಈ ಹೆಣ್ಣಿಗೆ ಗಂಡ ಬೇಡ, ಪೊಲೀಸ್ ಸ್ಟೇಷನ್ ಬೇಕು, ಇನ್ನು ಈ ಮನೆ ಮೆಟ್ಟಿಲು ತುಳಿಯಲ್ಲ” ಎಂದು ಎದ್ದುಹೋಗಿದ್ದ ಮನುಷ್ಯ, ಈಗ ತೆವಳಿಕೊಂಡು ಹೊರಬಂದು, ಮೊಣಕಾಲು ಹಿಡಿದು ಎದ್ದು, ಜೀಪಿನ ಮೆಟ್ಟುಹಲಗೆಯ ಮೇಲೆ ಕೂತರು. ಎಪ್ಪತ್ತನಾಲ್ಕು ವಯಸ್ಸು. ಹಣೆ ತುಂಬ ಗ್ರೀಸು. ಮೊದಲು ಆಡಿದ ಮಾತು, “ಶೆಡ್ಡಿಗೆ ಮೆಟ್ಟಿಲಿಲ್ಲ ನೋಡು, ಮಾತು ಮುರಿದಿಲ್ಲ ನಾನು.”

ನಗು ಬರಬೇಕಿತ್ತು. ಬರಲಿಲ್ಲ. “ಮಗ ಕಳಿಸಿದ್ನಾ?” ಎಂದೆ. ಅವರು ನನ್ನನ್ನು ಅರ್ಥವಾಗದವರಂತೆ ನೋಡಿದರು.

“ಅವನಿಗೇನು ಗೊತ್ತು? ಅವನು ಮೇಲಿನ ತಗಡು ನೋಡೋನು. ನಮ್ಮನೆ ಗಾಡಿ ಕೆಳಗೆ ಯಾವತ್ತೂ ಬಗ್ಗಿಲ್ಲ, ಅಪ್ಪ ನೋಡಿರ್ತಾನೆ ಅಂತ. ಬಿರುಕು ಬಿದ್ದದ್ದು ನನ್ನಿಂದ. ಹಳೇ ಸ್ಟೀರಿಂಗ್ ಬಾಕ್ಸ್ ತೆಗೆದು ದೊಡ್ಡ ಗಾಡಿದು ಕೂರಿಸಿದ್ನಲ್ಲ, ಅದರ ಎಳೆತ ತಡೆಯೋಕೆ ಹಿಂದೆ ಒಂದು ಪಟ್ಟಿ ಕೊಡಬೇಕಿತ್ತು. ಕೊಡ್ಲಿಲ್ಲ. ನನಗೆಲ್ಲಾ ಗೊತ್ತು ಅನ್ನೋ ಕೊಬ್ಬು. ನಿನಗೆ ಕೊಡೋಕೆ ಮುಂಚೆ ಒಂದ್ಸಲ ನೋಡಪ್ಪ ಅಂತ ತಂದ. ಮೂರು ದಿನದಲ್ಲಿ ಬೇಕು ಅಂದ. ಬಗ್ಗಿ ನೋಡಿದ್ರೆ ಇಷ್ಟುದ್ದ ಬಾಯಿ. ಹೇಳಿದ್ರೆ ಯಾರ ಕೆಲಸ ಇದು ಅಂತಾನೆ. ಬಸ್ ಡಿಪೋದಲ್ಲಿ ಮೂವತ್ನಾಲ್ಕು ವರ್ಷ ಇನ್ನೊಬ್ಬರ ತಪ್ಪು ಹಿಡಿದೋನು ನಾನು. ಪುಟ್ಟಿ ಮೆತ್ತಿ ಬಣ್ಣ ಹೊಡೆದೆ. ಮುಂದಿನ ತಿಂಗಳು ಏನೋ ನೆಪ ಹೇಳಿ ಕರೆಸ್ಕೊಂಡು ಸರಿ ಮಾಡೋಣ ಅಂತ. ಆ ವಾರವೇ ಆ ಮಾತುಕತೆ ಆಗಿ, ನನ್ನ ಬಾಯಿ ನನ್ನ ದಾರಿ ಮುಚ್ತು.”

ಏಳು ತಿಂಗಳು ಸುಮ್ಮನಿದ್ದರಂತೆ. ಮಳೆ ಶುರುವಾಗಿ, ನಾನು ದಿನಾ ಗುಡ್ಡ ಹತ್ತುತ್ತೇನೆಂದು ನಿಮ್ಮ ತಂಗಿ ಮಾತಿಗೆ ಹೇಳಿದಾಗ ಊಟದ ತಟ್ಟೆ ಬಿಟ್ಟು ಎದ್ದರಂತೆ. ಮೊದಲ ಬುಧವಾರ ಬಂದವರು, ತಗಡು ಕೂರಿಸುವವರೆಗೆ ನಾನು ಗಾಡಿ ಎತ್ತಬಾರದೆಂದು ರೋಟರ್ ಕಿತ್ತು ಜೇಬಿಗೆ ಹಾಕಿಕೊಂಡರು. ಎರಡನೇ ವಾರ ಬಂದು ನೋಡಿದರೆ ಇನ್ನೊಂದು ರೋಟರ್! “ನೀನು ನಾಲ್ಕು ದಿನ ಓಡಿಸಿದ್ದೀಯ ಅಂತ ಆಗ ಗೊತ್ತಾಯ್ತು” ಎಂದರು. ಅದನ್ನೂ ಕಿತ್ತುಕೊಂಡರು. ಮೂರನೇ ವಾರ ಕೆಲಸ ಮುಗಿಸಿ ಹಳೆಯದನ್ನು ವಾಪಸ್ಸಿಟ್ಟರು. ಆಮೇಲೆ ಯಾಕೆ ಬರುತ್ತಲೇ ಇದ್ದಿರಿ ಎಂದರೆ, “ಒಂದು ಸರಿ ಮಾಡೋಕೆ ಹೋದ್ರೆ ಇನ್ನೊಂದು ಕಾಣುತ್ತೆ, ಹಳೇ ಗಾಡಿ ಅಲ್ವಾ” ಎಂದು ಪಾನಾಗಳ ಕಡೆ ನೋಡಿದರು.

ನನಗೆ ಕರುಣೆ ಬಂತೆಂದು ತಿಳಿಯಬೇಡಿ, ಮೊದಲು ಸಿಟ್ಟು ಬಂತು. ನಿಮ್ಮ ಮರ್ಯಾದೆ ಉಳಿಸಿಕೊಳ್ಳೋಕೆ ನನ್ನ ಪ್ರಾಣ ಪಣಕ್ಕಿಟ್ಟಿರಾ ಮಾವ ಎಂದು ಕೇಳಿಯೇ ಕೇಳಿದೆ. “ಹೌದು” ಎಂದರು. ಹೌದು ಎಂದವರ ಹತ್ತಿರ ಎಷ್ಟು ಹೊತ್ತು ಜಗಳವಾಡಲು ಸಾಧ್ಯ?

ಆಗ ನನ್ನದನ್ನೂ ಹೇಳಿದೆ. ದೂರಿನ ವಿಷಯ, ಎಡಗೈ ಅಕ್ಷರದ ವಿಷಯ, ಆ ಎರಡು ಸುಳ್ಳು ಗಾಡಿಗಳ ವಿಷಯ. ಅವರು ಕೈಯಲ್ಲಿದ್ದ ಬಟ್ಟೆಯಿಂದ ಒಂದೇ ಪಾನಾವನ್ನು ಒರೆಸಿದರು, ಮತ್ತೆ ಒರೆಸಿದರು. ಮಗನಿಗೆ ಆದದ್ದು ಯಾರಿಂದ ಎಂದು ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ. ತಿರುಗಿ ತಿರುಗಿ ಅದು ಅವರ ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

“ಬರಿ” ಎಂದರು. “ಅವನಿಗೆ ಬರಿ. ಅವನ ಕಚೇರಿಗೂ ಬರಿ. ಪುಟ್ಟಿ ಮೆತ್ತಿದ್ದು ಅವರಪ್ಪ ಅಂತ ನನ್ನ ಹೆಸರು ಹಾಕೇ ಬರಿ, ಕೆಳಗೆ ನಾನು ಸಹಿ ಮಾಡ್ತೀನಿ.”

ಟೈಲರಮ್ಮ ಅಷ್ಟರಲ್ಲಿ ಕತ್ತರಿ ಹಿಡಿದೇ ಬಾಗಿಲಿಗೆ ಬಂದಿದ್ದರು. ಐದು ತಿಂಗಳು ನನಗೆ ಯಾಕೆ ಹೇಳಲಿಲ್ಲ ಎಂದು ಅವರ ಮೇಲೆ ಹರಿಹಾಯ್ದೆ. ಈ ಸಲ ಬಾಯಲ್ಲಿ ಗುಂಡುಸೂಜಿ ಇರಲಿಲ್ಲ. “ಹೇಳ್ಬೇಡಿ ಅಂತ ಕೈ ಮುಗಿದ್ರು. ಕಳ್ಳ ಆದ್ರೆ ಒಂದ್ಸಲ ಬರ್ತಾನಕ್ಕ. ವಾರಾ ವಾರಾ ಬಂದು ಮೈಯೆಲ್ಲಾ ಮಸಿ ಮಾಡ್ಕೊಂಡು ಹೋಗೋನು ಯಾವ ಸೀಮೆ ಕಳ್ಳ?” ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡು ನಾನು ನಗುತ್ತಿದ್ದೆ. ಇಲ್ಲಿ ಎತ್ತೂ ನಾನೇ ಹುಟ್ಟಿಸಿದ್ದು, ಕರುವೂ ನಾನೇ ಹುಟ್ಟಿಸಿದ್ದು.

ಹ್ಞೂಂ ಮೇಸ್ತ್ರಿಯ ಗ್ಯಾರೇಜಿಗೆ ಶನಿವಾರ ಹೋದೆ. ಹೋಗುವಾಗ ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಹೋಗೋಣ ಎನ್ನಿಸಿತು; ನಾಚಿಕೆಯಾಗಿ, ಹೆಚ್ಚಿರುವ ಹೊತ್ತಿಗೇ ಹೋದೆ. ತಪ್ಪು ನನ್ನದು, ರೋಟರ್ ಕದ್ದವರು ನಮ್ಮ ಮಾವ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. “ಹ್ಞೂಂ” ಎಂದರು. ಕೇಳಿಸಿತು ಎಂಬ ಹ್ಞೂಂ ಅದು. ಕ್ಷಮಿಸಿದೆ ಎಂಬುದಕ್ಕೆ ಅವರ ಹತ್ತಿರ ಬೇರೆ ಶಬ್ದ ಇದೆಯೋ ಇಲ್ಲವೋ, ಸದ್ಯ ನನಗೆ ಸಿಕ್ಕಿಲ್ಲ.

ಈ ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ. ನಿಮ್ಮ ಕಂಪನಿಗೆ, ನನ್ನ ಹೆಸರು, ವಿಳಾಸ, ಬಲಗೈ ಅಕ್ಷರದಲ್ಲಿ. ದೂರು ಬರೆದವಳು ನಾನು, ಎರಡು ಗಾಡಿಗಳ ಮಾತು ಸುಳ್ಳು, ಮೂರನೆಯದರ ಬಿರುಕು ನಿಮಗೆ ತಿಳಿದಿರಲಿಲ್ಲ ಎಂದು. ಕೆಳಗೆ ಮಾವನ ಸಹಿ. ಇದರದೇ ಪ್ರತಿ ಇಂದೇ ನೇರವಾಗಿ ನಿಮ್ಮ ಕಂಪನಿಗೂ ಕಳಿಸುತ್ತಿದ್ದೇನೆ. ವಿಚಾರಣೆಗೆ ನಾನೇ ಬರಬೇಕೆಂದರೆ ಬರುತ್ತೇನೆ. ಸುಳ್ಳು ದೂರಿಗೆ ನನ್ನ ಮೇಲೆ ಕ್ರಮ ತೆಗೆದುಕೊಳ್ಳುತ್ತಾರೆಂದರೆ ಅದನ್ನೂ ಹೊರುತ್ತೇನೆ.

ಇದರಿಂದ ನೀವು ಒಳ್ಳೆಯವರಾದಿರಿ ಎಂದಲ್ಲ. ವರ್ಗಾವಣೆಯ ಸುಳ್ಳು ಸುಳ್ಳೇ. ಹಾಗೆಂದು ಆಡದ ಸುಳ್ಳನ್ನೂ ನಿಮ್ಮ ತಲೆಗೆ ಕಟ್ಟಲು ನನಗೆ ಹಕ್ಕಿಲ್ಲ; ಇಷ್ಟು ತಿಳಿಯಲು ಒಂದು ವರ್ಷ ಹಿಡಿಯಿತು. ಒಂದು ಮಾತು ಮಾತ್ರ ಬಾಯಿಬಿಟ್ಟು ಕೇಳುತ್ತೇನೆ. ನೀವು ನಿಜವಾಗಿಯೂ ಬಗ್ಗಿ ನೋಡಲಿಲ್ಲವೇ? ಮಾವ ಇಲ್ಲ ಎನ್ನುತ್ತಾರೆ, ನಾನು ನಂಬುತ್ತೇನೆ ಎಂದು ತೀರ್ಮಾನ ಮಾಡಿದ್ದೇನೆ. ನಂಬುವುದು ಬೇರೆ, ನಂಬುತ್ತೇನೆಂದು ತೀರ್ಮಾನ ಮಾಡುವುದು ಬೇರೆ. ನನ್ನಿಂದ ಸದ್ಯಕ್ಕೆ ಎರಡನೆಯದು ಮಾತ್ರ ಆಗುವ ಕೆಲಸ. ಉತ್ತರ ಬರೆಯುವುದಾದರೆ ಒಂದೇ ಸಾಲು ಬರೆಯಿರಿ. ನೀವು ಉದ್ದ ಬರೆದಷ್ಟೂ ನಾನು ಸಾಲುಗಳ ನಡುವೆ ಹುಡುಕಲು ಶುರುಮಾಡುತ್ತೇನೆ.

ಇತಿ,
ನಿಮ್ಮನ್ನು ‘ಇವರು’ ಎನ್ನುತ್ತಿದ್ದವಳು

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಟ್ಟುಕೊಂಡದ್ದು. ಮೊನ್ನೆ ಬುಧವಾರ ಮಾವ ಮುಂಬಾಗಿಲಿನಿಂದಲೇ ಬಂದರು, ಮೆಟ್ಟಿಲು ತುಳಿದೇ ಬಂದರು. ಪ್ರತಿ ಸಲವೂ ಆ ತಗಡಿನ ಎಂಟು ಬೋಲ್ಟು ಸಡಿಲಿಸಿ ಮತ್ತೆ ಬಿಗಿಯುವುದು ಅವರ ಕ್ರಮ, ಮನಸ್ಸಿನ ಸಮಾಧಾನಕ್ಕೆ. ಹೋದ ವಾರ ಅವರು ಬಸ್ಸು ಹತ್ತಿದ ಮೇಲೆ ನಾನು ಕೆಳಗೆ ತೂರಿ ನೋಡಿದೆ. ನೋಡದೆ ಇರಲು ಆಗುವುದಿಲ್ಲವಲ್ಲ ನನಗೆ. ಐದು ಬೋಲ್ಟು ಬರಿಗೈಗೆ ತಿರುಗಿದವು. ಮೊನ್ನೆ ಎಂಟೂ ತಿರುಗಿದವು. ಅವರ ಬಲಗೈ ಹೆಬ್ಬೆರಳು ಮಡಚುತ್ತಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ, ಚಳಿ ಎನ್ನುತ್ತಾರೆ. ಅವರು ಬಿಗಿದು ಹೋದ ಮೇಲೆ ನಾನು ಇನ್ನೊಂದು ಸುತ್ತು ಬಿಗಿಯುತ್ತಿದ್ದೇನೆ. ಅವರಿಗೆ ಇದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನೀವು ರಜೆ ಹಾಕಿ ಬಂದು ಡಾಕ್ಟರಿಗೆ ತೋರಿಸಿ. ನಾನು ಹೇಳಿದರೆ, ಸೊಸೆಗೆ ನನ್ನ ಕೈ ಮೇಲೂ ಅನುಮಾನ ಎನ್ನುತ್ತಾರೆ.